ಒಲೆ ಬದಲಾದರೆ ಪಾತ್ರೆಗಳ ಗತಿ?

ಇಂಡಕ್ಷನ್ ಒಲೆ ಮನೆಗೆ ಬಂದ ದಿನ ನೆನಪಿದೆಯೇ? ಒಲೆಯೇನೋ ಹೊಸದು. ಆದರೆ ಅತ್ತೆಯವರ ಕಾಲದ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಕಾಯಲೊಲ್ಲದು! ಕಂಪ್ಯೂಟರಿನಲ್ಲೂ ಇದೇ ಕಥೆ. ಆಪರೇಟಿಂಗ್ ಸಿಸ್ಟಂ ಅನ್ನುವುದು ಒಲೆಯಿದ್ದ ಹಾಗೆ. ಪ್ರಿಂಟರು, ವೈಫೈ ಕಾರ್ಡುಗಳೆಲ್ಲ ಪಾತ್ರೆಗಳು.

ನನ್ನ ನಾದಿನಿ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾಳೆ. ಲೆಕ್ಕಕ್ಕೆ, ಆರ್ಡರಿಗೆ, ಪೊಟ್ಟಣದ ಚೀಟಿಗೆ 2016ರಲ್ಲಿ ಕೊಂಡ ಲ್ಯಾಪ್‌ಟಾಪೇ ಆಧಾರ. ಅದರಲ್ಲಿದ್ದ ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಿಸಿದರಾಯ್ತು ಅಂದುಕೊಂಡಳು. ಹಾಗಾಗಲಿಲ್ಲ. ಅದಕ್ಕೆ ಗುಟ್ಟಿನ ಕೀಲಿ ಕಾಯುವ ಟಿಪಿಎಂ 2.0 ಎಂಬ ಚಿಪ್ ಬೇಕು. ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. ಇವಳದು ಆರನೆಯದು. ಯಂತ್ರ ಗಟ್ಟಿಯಾಗೇ ಇತ್ತು, ಪಟ್ಟಿಯಲ್ಲಿ ಮಾತ್ರ ಅದಕ್ಕೆ ವಯಸ್ಸಾಗಿತ್ತು! ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಆದರೆ ಅಂಥದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯಿಲ್ಲ.

ಅಂಗಡಿಯವನು ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದ. (ಅವನು ಇನ್ನೇನು ಹೇಳ್ತಾನೆ, ಪಾಪ!) ಮಗ, ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕೋಣ ಅಂದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನುಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು ಅದು. ಅದರಲ್ಲೊಂದು ಬಗೆಯಾದ ಲಿನಕ್ಸ್ ಮಿಂಟನ್ನು ಲ್ಯಾಪ್‌ಟಾಪಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು. ಸೀರೆ ಹೊದ್ದು ನೋಡಿ ಕೊಂಡ ಹಾಗೆ ಅನ್ನಿ. ನನಗೆ ಬಹಳ ಮೆಚ್ಚುಗೆಯಾದದ್ದು ಇದೇ.

ಹಾಗೆ ನೋಡಿದ್ದು ಒಳ್ಳೆಯದೇ ಆಯಿತು. ಪರದೆ, ಸದ್ದು, ಕೀಲಿಮಣೆ ಸರಿಯಿದ್ದವು. ವೈಫೈ ಮಾತ್ರ ಮೂಕ. ಪ್ರತಿ ಬಿಡಿಭಾಗಕ್ಕೂ ಆಪರೇಟಿಂಗ್ ಸಿಸ್ಟಮಿಗೂ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಕೆಲವು ಕಂಪನಿಗಳು ಆ ದುಭಾಷಿಯನ್ನು ವಿಂಡೋಸಿಗಷ್ಟೇ ಕೊಟ್ಟು ಸುಮ್ಮನಾಗುತ್ತವೆ. ಮಗ ಫೋನನ್ನು ತಂತಿಯಿಂದ ಜೋಡಿಸಿ, ಅದರ ಇಂಟರ್‌ನೆಟ್‌ನಲ್ಲೇ ವೈಫೈ ಡ್ರೈವರ್ ಇಳಿಸಿದ. ಸರಿಹೋಯಿತು. ಹಳೇ ಪ್ರಿಂಟರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಡ್ರೈವರಿನ ಹಂಗಿಲ್ಲದ ಹೊಸ ಬಗೆಯ ಪ್ರಿಂಟರುಗಳು ಈಗ ಇವೆಯಂತೆ. ಆದರೆ ಚೆನ್ನಾಗಿರುವುದನ್ನು ಬಿಸಾಕಲು ಯಾರಿಗೆ ಮನಸ್ಸು ಬಂದೀತು?

ಇನ್ನೊಂದು ಫಜೀತಿ ಯಾರೂ ಎಣಿಸದ್ದು. ಚೀಟಿಗಳನ್ನೆಲ್ಲ ನುಡಿಯ ಹಳೇ ಅಕ್ಷರಗಳಲ್ಲಿ, ಯೂನಿಕೋಡ್ ಅಲ್ಲದ್ದರಲ್ಲಿ, ಟೈಪ್ ಮಾಡಿಟ್ಟಿದ್ದಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಚಟ್ನಿಪುಡಿಯ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ! ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಲು ಎರಡು ಸಂಜೆ ಹಿಡಿಯಿತು.

ಕೊನೆಗೆ ಏನು ಮಾಡಿದಳು ಗೊತ್ತೇ? ಎರಡನ್ನೂ ಇಟ್ಟುಕೊಂಡಳು. ಇಂಟರ್‌ನೆಟ್, ಬ್ಯಾಂಕು, ಆರ್ಡರುಗಳಿಗೆ ಲಿನಕ್ಸ್. ಹಳೇ ವಿಂಡೋಸ್ ಪ್ರಿಂಟಿಗೆ ಮಾತ್ರ, ಇಂಟರ್‌ನೆಟ್ ಸೋಂಕಿಲ್ಲದೆ. ಫೈಲುಗಳನ್ನೆಲ್ಲ ಮೊದಲೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದಳು, ಜಾಣೆ. ಚೀಟಿ ಬೇಕಾದಾಗಲೆಲ್ಲ ಯಂತ್ರ ಮುಚ್ಚಿ ತೆರೆಯುವ ರಗಳೆಯಿದೆ. ಅದಕ್ಕೇ ಈಗ ಭಾನುವಾರ ಬೆಳಿಗ್ಗೆ ಒಂದೇ ಸಲ ವಾರದ ಚೀಟಿಗಳನ್ನೆಲ್ಲ ತೆಗೆದಿಡುತ್ತಾಳೆ.