ಪೆನ್ಸಿಲ್ ಇಲ್ಲದ ಓದು

ಪುಸ್ತಕಗಳ ಬಗೆಗೆ ಅಭಿಪ್ರಾಯ ಹೇಳುವುದು ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡೆನೆಂದರೆ, ಬಲಗೈ ತಾನಾಗಿಯೇ ಪೆನ್ಸಿಲನ್ನು ಹುಡುಕುತ್ತದೆ. ವಸ್ತು ಯಾವುದು, ತಂತ್ರ ಯಾವುದು, ಐದು ಅಂಕದ ಟಿಪ್ಪಣಿಗೆ ಯಾವ ಸನ್ನಿವೇಶ ಒದಗೀತು ಎಂಬ ಲೆಕ್ಕಾಚಾರ ಮೊದಲ ಪುಟದಿಂದಲೇ ಆರಂಭವಾಗಿಬಿಡುತ್ತದೆ. ಮಿಠಾಯಿ ಅಂಗಡಿಯವನಿಗೆ ಮೈಸೂರುಪಾಕಿನ ರುಚಿ ಹತ್ತುವುದಿಲ್ಲವಂತೆ. ನನ್ನ ಅವಸ್ಥೆಯೂ ಅದೇ ಆಗಿತ್ತು. ಕಳೆದ ವರ್ಷ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, “ಸರ್, ಪಾಠಕ್ಕಲ್ಲದೆ ನೀವು ಸುಮ್ಮನೆ ಓದಿದ ಪುಸ್ತಕ ಯಾವುದು?” ಎಂದು ಕೇಳಿದಾಗ ನಾನು ತಡವರಿಸಿದೆನೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು. ಹೆಸರುಗಳು ಬಾಯಿಗೆ ಬಂದವು. ಸುಮ್ಮನೆ ಓದಿದ್ದು ಮಾತ್ರ ಒಂದೂ ಇರಲಿಲ್ಲ.

ಈ ಬಾರಿಯ ರಜೆಯಲ್ಲಿ ಆ ಕೊರತೆ ಅನಿರೀಕ್ಷಿತವಾಗಿ ನೀಗಿತು. ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವ ನನ್ನ ತಂದೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಹೊಸ ಕನ್ನಡಕ ಬರುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಅವರಿಗೆ ಅಕ್ಷರಗಳು ಮಂಜು ಮಂಜು. ಅವರು ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು, ವಯಸ್ಸು ಎಂಬತ್ತು. ದಿನಪತ್ರಿಕೆಯನ್ನು ಮೊದಲ ಪುಟದ ಶಿರೋನಾಮೆಯಿಂದ ಹಿಡಿದು ಕೊನೆಯ ಪುಟದ ಅಡಿಯಲ್ಲಿರುವ ಮುದ್ರಕರ ಹೆಸರಿನವರೆಗೆ ಓದದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಂಥವರು ಕೈಕಟ್ಟಿ ಜಗಲಿಯ ಮೇಲೆ ಕುಳಿತಿರುವುದನ್ನು ನೋಡಲಾರದೆ, “ಅಣ್ಣ, ನಾನು ಓದಿ ಹೇಳುತ್ತೇನೆ” ಎಂದೆ. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದೇ ರೂಢಿ. ಅವರು ಒಂದು ಕ್ಷಣ ಯೋಚಿಸಿ, “ಓದು. ಆದರೆ ಪಾಠ ಮಾಡಬೇಡಪ್ಪ” ಎಂದರು.

ನನ್ನ ಚೀಲದಲ್ಲಿ ಐದು ಪುಸ್ತಕಗಳಿದ್ದವು. ಅವುಗಳನ್ನು ಓದುತ್ತ, ಓದಿದ್ದನ್ನು ಕೇಳಿದವರ ಮಾತನ್ನು ಕೇಳುತ್ತ ನನಗೆ ತೋಚಿದ ಕೆಲವು ಅಭಿಪ್ರಾಯಗಳನ್ನು ಇಲ್ಲಿ ಬರೆದಿದ್ದೇನೆ. ಇದು ವಿಮರ್ಶೆಯಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಕೈಗೆ ಬಂದದ್ದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ೧೯೭೬ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ಹಿಂದೆ ಎರಡು ಸಲ ಓದಿದ್ದೆ. ಎರಡು ಸಲವೂ ‘ನಿರೂಪಣೆ ಸರಳ, ತಂತ್ರ ದುರ್ಬಲ’ ಎಂದು ಅಂಚಿನಲ್ಲಿ ಗುರುತು ಹಾಕಿದ್ದೆ. ಗಟ್ಟಿಯಾಗಿ ಓದತೊಡಗಿದ ಮೇಲೆ ಆ ಗುರುತಿನ ಬಗೆಗೆ ನಾಚಿಕೆಯಾಯಿತು. ಬಾಲ್ಯದಲ್ಲಿಯೇ ವಿಧವೆಯಾಗಿ, ನೂರು ವರ್ಷಕ್ಕೂ ಮೀರಿ ಬಾಳಿದ ಒಬ್ಬ ಹೆಂಗಸಿನ ಕತೆಯದು. ಆಕೆ ತನ್ನ ಬಾಳನ್ನು ಲೇಖಕಿಯ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು, ಮಗಳು ನಮಗೆ ಹೇಳಿದ್ದು. ಮಧ್ಯಾಹ್ನದ ಊಟವಾದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನ ನಡೆಯೇ ಅದರ ನಡೆ. ತಂತ್ರವಿಲ್ಲವೆಂದು ನಾನು ಭಾವಿಸಿದ್ದೇ ಅದರ ತಂತ್ರ. ಕಿವಿಗಾಗಿ ಬರೆದದ್ದನ್ನು ನಾನು ಕಣ್ಣಿನಿಂದ ತೂಗಿದ್ದೆ. ೧೯೧೭ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬೆಳಕು ಕಂಡದ್ದು ೧೯೬೩ರಲ್ಲಿ. ನಲವತ್ತು ದಾಟಿದ ಮೇಲೆ ಹೊಸದೇನನ್ನು ಕಲಿಯುವುದು ಎನ್ನುವ ನನ್ನಂಥವರಿಗೆ ಈ ಎರಡು ಇಸವಿಗಳು ಒಳ್ಳೆಯ ಉತ್ತರ.

ತಲೆಗೂದಲು ತೆಗೆಸಲೊಲ್ಲದೆ ಎದುರು ನಿಂತ ಎಳೆಯ ವಿಧವೆ ದಾಕ್ಷಾಯಣಿಯ ಪರವಾಗಿ ಫಣಿಯಮ್ಮ ನಿಲ್ಲುವ ಭಾಗಕ್ಕೆ ಬಂದಾಗ ಅಣ್ಣ ಕೈಯೆತ್ತಿ ನಿಲ್ಲಿಸಿದರು. ಅವರ ಅಜ್ಜಿಯ ತಂಗಿಯೊಬ್ಬರು ಮನೆಯಲ್ಲಿದ್ದರಂತೆ. ತಿಂಗಳಿಗೊಮ್ಮೆ ಕ್ಷೌರಿಕನನ್ನು ಹಿತ್ತಿಲ ಬಾಗಿಲಿಗೆ ಕರೆತರುವ ಕೆಲಸ ಎಂಟು ವರ್ಷದ ಹುಡುಗನಾಗಿದ್ದ ಇವರದಂತೆ. “ಎಲ್ಲರೂ ಅಮ್ಮಯ್ಯ ಎನ್ನುತ್ತಿದ್ದರು. ಅವರಿಗೆ ಒಂದು ಹೆಸರಿತ್ತೆಂದೇ ನಾನು ಯೋಚಿಸಲಿಲ್ಲ” ಎಂದರು. ನಲವತ್ತೈದು ವರ್ಷಗಳಲ್ಲಿ ನಾನು ಈ ಸಂಗತಿಯನ್ನು ಕೇಳಿರಲಿಲ್ಲ. ‘ಫಣಿಯಮ್ಮ’ ಎಂಬ ಶೀರ್ಷಿಕೆಯಲ್ಲಿಯೇ ಒಂದು ಕೆಲಸ ನಡೆದಿದೆಯೆಂದು, ಹೆಸರಿಲ್ಲದೆ ಹೋದವರಲ್ಲಿ ಒಬ್ಬಳಿಗಾದರೂ ಹೆಸರು ಉಳಿಯಿತೆಂದು ನನಗೆ ಅಂದು ಹೊಳೆಯಿತು.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ೧೯೮೦ರ ಈ ಪುಸ್ತಕವನ್ನು ಕುರಿತು ಪರಿಸರ, ವಿಕಾಸವಾದ, ಕಾಲದ ಅನಂತತೆ ಎಂದೆಲ್ಲ ನಾನು ಉಪನ್ಯಾಸ ಮಾಡಿದ್ದೇನೆ. ಅಣ್ಣನಿಗೆ ಅವು ಯಾವುವೂ ಬೇಕಾಗಿರಲಿಲ್ಲ. ಬಿರಿಯಾನಿ ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ, ಇವರ ಗಲಾಟೆಗೆ ಅವರು ಕಣ್ಣಿನ ಹಸಿರು ಪಟ್ಟಿ ಅಲುಗಾಡುವಂತೆ ನಕ್ಕರು. ಹಾಸ್ಯವು ಈ ಕೃತಿಯ ಅಲಂಕಾರವೆಂದು ತಿಳಿದಿದ್ದ ನಾನು, ಅದೇ ಅದರ ನೆಲಗಟ್ಟೆಂದು ಈಗ ತಿಳಿದೆ. ನಗುತ್ತ ನಗುತ್ತ ಹೋದವರಿಗೆ ಮಾತ್ರ ಕೊನೆಯಲ್ಲಿ ಆ ಹಾರುವ ಓತಿ ಕಣಿವೆಯ ಮೇಲೆ ತೇಲಿಹೋಗುವಾಗ ಎದೆ ಝಲ್ಲೆನ್ನುತ್ತದೆ. ಮೊದಲಿನಿಂದಲೇ ತತ್ತ್ವವನ್ನು ಹುಡುಕಿಕೊಂಡು ಹೋದವರಿಗೆ ಅದೊಂದು ಸಂಕೇತವಾಗಿ ಉಳಿಯುತ್ತದೆ, ಅಷ್ಟೆ.

ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಹುಟ್ಟು ಜೀವವಿಜ್ಞಾನಿಯೊಬ್ಬನಿದ್ದಾನೆಂದು ವಿಜ್ಞಾನಿ ಕರ್ವಾಲೊ ಕಂಡುಕೊಳ್ಳುತ್ತಾರಲ್ಲವೆ? ಅದನ್ನು ಕೇಳಿದ ರಾತ್ರಿ ಅಣ್ಣ ಬಹಳ ಹೊತ್ತು ಮಲಗಲಿಲ್ಲ. ಯಾವ ಮರದಲ್ಲಿ ಯಾವ ಹಕ್ಕಿಯ ಗೂಡಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲ ಹುಡುಗನೊಬ್ಬ ಅವರ ತರಗತಿಯಲ್ಲಿದ್ದನಂತೆ. ಮಗ್ಗಿ ಬಾರದೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಂತೆ. ನಾಲ್ಕನೆಯ ತರಗತಿಗೇ ಅವನು ಶಾಲೆ ಬಿಟ್ಟ. “ಮಗ್ಗಿ ಬೇಕು, ನಿಜ. ಆದರೆ ಗೂಡಿನ ಬಗ್ಗೆ ಒಂದು ದಿನವಾದರೂ ನಾನು ಅವನನ್ನು ಕೇಳಬಹುದಾಗಿತ್ತು” ಎಂದರು. ಅಧ್ಯಾಪಕ ಮಿತ್ರರು ಈ ಮಾತನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಇಪ್ಪತ್ತು ವರ್ಷ ‘ಕರ್ವಾಲೊ’ ಪಾಠ ಮಾಡಿದರೂ ನನ್ನ ಹಿಂದಿನ ಬೆಂಚಿನ ಹುಡುಗರಲ್ಲಿ ಮಂದಣ್ಣ ಯಾರೆಂದು ನಾನು ಒಮ್ಮೆಯೂ ನೋಡಿರಲಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪ್ರಕಟವಾದದ್ದು ೨೦೧೩ರಲ್ಲಿ. ಇರುವೆಗಳು ಮುತ್ತುತ್ತಿದ್ದ ಪುಟ್ಟ ಮನೆಯಲ್ಲಿ ಒಂದಾಗಿದ್ದ ಕುಟುಂಬವೊಂದು, ಚಿಕ್ಕಪ್ಪನ ಮಸಾಲೆ ಪುಡಿಯ ವ್ಯಾಪಾರದಿಂದ ಹಣ ಬಂದ ಮೇಲೆ ದೊಡ್ಡ ಮನೆಗೆ ಹೋಗಿ, ಒಳಗೊಳಗೇ ಏನಾಯಿತೆಂಬುದು ಕತೆ. ಶೀರ್ಷಿಕೆಯ ಶಬ್ದ ಯಾವ ನಿಘಂಟಿನಲ್ಲಿಯೂ ಇಲ್ಲ. ಕತೆ ಹೇಳುವವನ ಹೆಂಡತಿ ಅನಿತಾಳ ತವರಿನಲ್ಲಿ, ಮಕ್ಕಳ ಆಟದಲ್ಲಿ ಹುಟ್ಟಿದ ಮಾತು ಅದು. ಬಿಡಿಸಲಾಗದಂತೆ ಗೋಜಲಾದದ್ದಕ್ಕೆಲ್ಲ ಅವರಿಟ್ಟ ಹೆಸರು. ಇಷ್ಟು ಕಡಮೆ ಪುಟಗಳಲ್ಲಿ ಇಷ್ಟು ಭಯವನ್ನು ತುಂಬಿದ ಪುಸ್ತಕ ಈಚಿನ ಕನ್ನಡದಲ್ಲಿ ಹೆಚ್ಚಿಲ್ಲವೆಂದು ನನ್ನ ಎಣಿಕೆ. ಎಲ್ಲರೂ ಒಬ್ಬರಿಗೊಬ್ಬರು ಒಳ್ಳೆಯವರು; ಆ ಒಳ್ಳೆಯತನವೇ ಹೊರಗಿನವಳ ಮೇಲೆ ಬೀಗ ಹಾಕುತ್ತದೆ.

ಅಣ್ಣನಿಗೆ ಮಾತ್ರ ಇದು ಹಿಡಿಸಲಿಲ್ಲ. “ಕಿಟಕಿ ಮುಚ್ಚಿದ ಮನೆಗೆ ಹೋದ ಹಾಗಾಯಿತು. ಕೊನೆಯನ್ನೂ ನೆಟ್ಟಗೆ ಹೇಳಲಿಲ್ಲ” ಎಂದು ಗೊಣಗಿದರು. ಕೊನೆಯನ್ನು ಹೇಳದೆ ಬಿಟ್ಟದ್ದೇ ಅದರ ಶಕ್ತಿಯೆಂದು ನಾನು ವಾದಿಸಿದೆ, ಅವರು ಒಪ್ಪಲಿಲ್ಲ. ನಾನೂ ನನ್ನ ಅಭಿಪ್ರಾಯವನ್ನು ಬಿಟ್ಟುಕೊಟ್ಟಿಲ್ಲ. ಮರುದಿನ ಬೆಳಗ್ಗೆ ಕಾಫಿಯ ಲೋಟ ಕೈಗೆ ತೆಗೆದುಕೊಳ್ಳುತ್ತ ಅವರು ಕೇಳಿದ ಮೊದಲ ಪ್ರಶ್ನೆ: “ಆ ಹುಡುಗಿ ಏನಾದಳೋ?” ಹಿಡಿಸದ ಪುಸ್ತಕವೂ ರಾತ್ರಿಯೆಲ್ಲ ಜೊತೆಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ನಾಲ್ಕನೆಯದು ಬಾನು ಮುಷ್ತಾಕ್ ಅವರ ಕತೆಗಳು. ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯಿದೆ. ಅವರ ಮೊದಲ ಕಥಾಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂದದ್ದು ೧೯೯೦ರಲ್ಲಿ. ‘ಕರಿನಾಗರಗಳು’ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರವನ್ನು ಮಾಡಿದ್ದು ೨೦೦೪ರಲ್ಲಿ. ಇಷ್ಟಿದ್ದರೂ ನಾನು ಅವರನ್ನು ಗಮನವಿಟ್ಟು ಓದಿದ್ದು ೨೦೨೫ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳಿಗೆ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ. ಹಾಸನದಲ್ಲಿ ಕುಳಿತು ಕನ್ನಡದಲ್ಲಿ ಬರೆದವರನ್ನು ಓದಲು ಪಕ್ಕದ ಊರಿನ ಕನ್ನಡ ಅಧ್ಯಾಪಕನಿಗೆ ಲಂಡನ್ನಿನ ಅಪ್ಪಣೆ ಬೇಕಾಯಿತೆಂಬುದು ಹೆಮ್ಮೆಯ ಸಂಗತಿಯಲ್ಲ.

ಅಣ್ಣನಿಗೆ ನಾನು ಓದಿದ್ದು ‘ಎದೆಯ ಹಣತೆ’. ಗಂಡನಿಂದ ಬೇಡವಾಗಿ ತವರಿಗೆ ಬಂದ ಮೆಹರುನ್, ಸೋದರರು ಅವಳನ್ನು ಮತ್ತೆ ಅಲ್ಲಿಗೇ ತಂದುಬಿಡುವುದು, ರಾತ್ರಿ ಸೀಮೆಎಣ್ಣೆಯ ಡಬ್ಬಿ, ತಾಯಿಯ ಕಾಲನ್ನು ತಬ್ಬಿಕೊಳ್ಳುವ ಮಗಳು. ಸಂಪ್ರದಾಯಸ್ಥರಾದ ಮುದುಕರು ಹೇಗೆ ಕೇಳಿಯಾರೋ ಎಂಬ ಅಳುಕು ನನಗಿತ್ತು. ಅವರು ಕದಲದೆ ಕೇಳಿದರು. ಆಮೇಲೆ, “ಸೋದರರನ್ನು ಕೆಟ್ಟವರೆಂದು ಬರೆದಿಲ್ಲ ನೋಡು. ಊರ ಬಾಯಿಗೆ ಹೆದರಿದವರು. ನಮ್ಮ ಮನೆಗಳಲ್ಲಿಯೂ ಅಂಥವರೇ ಇದ್ದದ್ದು” ಎಂದರು. ಒಂದು ಸಮಾಜದ ಒಳಗಿನ ಕತೆಗಳೆಂದು ಇವನ್ನು ಪ್ರತ್ಯೇಕವಾಗಿ ಕಪಾಟಿನಲ್ಲಿಡುವ ನಮ್ಮ ವಿಮರ್ಶೆಯ ಅಭ್ಯಾಸಕ್ಕೆ ಜಗಲಿಯ ಮೇಲೆ ಸಿಕ್ಕಿದ ಈ ಉತ್ತರ ಸಾಕೆಂದು ನನ್ನ ಭಾವನೆ.

ಕೊನೆಗೆ ಉಳಿದದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. ೧೯೪೩ರ ಈ ಕಾದಂಬರಿಯನ್ನು ನಾನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕ ಗೋಪಾಲಯ್ಯನವರ ಮನೆಯನ್ನು ಸೇರುತ್ತಾನೆ. ಕಾಡನ್ನು ಕಡಿದು ತೋಟ ಮಾಡಿದ ಆ ಮುದುಕರ ನಗು, ಉಪಚಾರ, ಮಾತಿನ ಚಕಮಕಿ, ಎಲ್ಲದರ ಅಡಿಯಲ್ಲಿ ಒಂದು ಗಾಯವಿದೆ: ಮನೆ ಬಿಟ್ಟು ಹೋದ ಮಗ ಶಂಭು. ಮನುಷ್ಯ ಮತ್ತು ಪ್ರಕೃತಿ ಎಂಬ ತಲೆಬರಹದಡಿ ಈ ಪುಸ್ತಕವನ್ನು ನಾನು ಎಷ್ಟು ಸಲ ವಿವರಿಸಿಲ್ಲ! ಆದರೆ ಅಮ್ಮ ತೀರಿಹೋಗಿ ಆರು ವರ್ಷಗಳಾದ ಮನೆಯಲ್ಲಿ, ವರ್ಷಕ್ಕೆರಡು ಸಲ ಬಂದುಹೋಗುವ ಮಗನಾಗಿ, ಒಬ್ಬರೇ ಬಾಳುವ ತಂದೆಯ ಎದುರಿಗೆ ಅದನ್ನು ಗಟ್ಟಿಯಾಗಿ ಓದುವುದು ಬೇರೆಯೇ ಮಾತು. ಶಂಕರಮ್ಮ ಮಗನನ್ನು ನೆನೆದು ಕೊರಗುವ ಭಾಗ ಬಂತು. ನನ್ನ ಗಂಟಲು ಕಟ್ಟಿತು. ಯಾರಿಗೆ ತಿಳಿದೀತೆಂದು ಎರಡು ಪುಟ ಒಟ್ಟಿಗೆ ಮಗುಚಿ ಮುಂದಕ್ಕೆ ಹೋದೆ.

“ಒಂದು ಪುಟ ಬಿಟ್ಟೆಯಲ್ಲೋ” ಎಂದರು ಅಣ್ಣ. ಮಾಸ್ತರಿಕೆಯ ತರಬೇತಿಗೆ ಹೋಗಿದ್ದ ಕಾಲದಲ್ಲಿ ಅವರು ಆ ಪುಸ್ತಕವನ್ನು ಓದಿದ್ದರಂತೆ. “ಓದು. ಪುಸ್ತಕದಲ್ಲಿರುವುದನ್ನು ಬಿಡಬಾರದು.”

ಓದಿದೆ. ನಿಂತು ನಿಂತು ಓದಿದೆ. ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಶಂಭುವಿನ ವಿಷಯವಾಗಿ ಹೇಳಿದ್ದು ಒಂದೇ ಮಾತು: “ಹೋದದ್ದು ತಪ್ಪಲ್ಲ. ಆಗಾಗ ಒಂದು ಕಾಗದ ಹಾಕಬಹುದಾಗಿತ್ತು.”

‘ಬೆಟ್ಟದ ಜೀವ’ದ ಬಗೆಗೆ ನನ್ನ ಅಭಿಪ್ರಾಯವೇನೆಂದು ಈಗ ಯಾರಾದರೂ ಕೇಳಿದರೆ, ಗೋಪಾಲಯ್ಯನವರ ಅಪಾರ ಅತಿಥಿಸತ್ಕಾರ ಹೊರಟದ್ದು ಆ ಖಾಲಿ ಜಾಗದಿಂದಲೇ ಎನ್ನುತ್ತೇನೆ. ಬಂದ ಅಪರಿಚಿತನನ್ನು ಅವರು ‘ಇನ್ನೊಂದು ದಿನ ಇರಿ’ ಎಂದು ಹಿಡಿದು ನಿಲ್ಲಿಸುವುದರ ಅರ್ಥ ನನಗೆ ಇಪ್ಪತ್ತು ವರ್ಷ ತಿಳಿದಿರಲಿಲ್ಲ. ನಾನು ಊರಿಗೆ ಹೊರಡುವ ದಿನ ಅಣ್ಣನೂ ಹಾಗೆಯೇ ಎನ್ನುತ್ತಾರೆ. ನನಗೆ ಬಸ್ಸಿನ ಹೊತ್ತಾಗಿರುತ್ತದೆ.

ರಜೆ ಮುಗಿದು ಕಾಲೇಜು ತೆರೆದಿದೆ. ಪ್ರಶ್ನಪತ್ರಿಕೆ, ಮೌಲ್ಯಮಾಪನ ಯಾವುದೂ ತಪ್ಪಿಲ್ಲ. ಪೆನ್ಸಿಲನ್ನು ನಾನು ಎಸೆದೂ ಇಲ್ಲ. ಮೊದಲ ಓದಿಗೆ ಅದನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು, ಎರಡನೆಯ ಓದಿಗೆ ಹೊರತೆಗೆಯುತ್ತೇನೆ. ತರಗತಿಯಲ್ಲಿ ವಾರಕ್ಕೊಂದು ದಿನ ಟಿಪ್ಪಣಿ ಬರೆಸದೆ ಸುಮ್ಮನೆ ಓದಿ ಹೇಳುವುದನ್ನು ಆರಂಭಿಸಿದ್ದೇನೆ. ಹಿಂದಿನ ಬೆಂಚಿನವರು ನಗುವ ಜಾಗದಲ್ಲಿ ನಗುತ್ತಾರೆ. ಆ ವಿದ್ಯಾರ್ಥಿನಿಗೂ ಈಗ ಉತ್ತರ ಹೇಳಬಲ್ಲೆ.

ಅಣ್ಣನಿಗೆ ಹೊಸ ಕನ್ನಡಕ ಬಂದಿದೆ. ಭಾನುವಾರದ ಸಂಜೆ ನಾನು ದೂರವಾಣಿ ಮಾಡುತ್ತೇನೆ. ಆ ವಾರ ಓದಿದ್ದನ್ನು ಕುರಿತು ಜಗಳವಾಡುತ್ತೇವೆ. ಈ ಲೇಖನವನ್ನೂ ಅವರು ಓದುತ್ತಾರೆ, ಅಡಿಯಲ್ಲಿರುವ ಮುದ್ರಕರ ಹೆಸರಿನವರೆಗೆ. ಎಲ್ಲಿ ಪುಟ ಬಿಟ್ಟಿದ್ದೇನೆಂಬುದನ್ನು ಇಂದು ಸಂಜೆ ಹೇಳದೆ ಇರುವವರಲ್ಲ.