ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಡಿ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ರೇಷ್ಮೆ ಸಾಕುವವರಿಗೆ, ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲಿನ ವಾರವೇ ಕಷ್ಟದ ವಾರ. ಹುಳು ಬದುಕಿರುವಷ್ಟು ದಿನ ತಿನ್ನುವ ಸೊಪ್ಪಿನಲ್ಲಿ ಶೇ 80ರಷ್ಟು ಈ ಏಳೆಂಟು ದಿನದಲ್ಲೇ ಖಾಲಿ. ಬಗ್ಗಿ ಕಡ್ಡಿ ಕೊಯ್ಯಬೇಕು, ಹೊರೆ ಹೊರಬೇಕು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ‘ಹೊರೆ ಎತ್ತುವಾಗ ಚಳಕ್ ಅಂತು’ ಎಂದು ಸೊಂಟ ಹಿಡಿದು ನಿಲ್ಲುವುದೂ ಆಗಲೇ.

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸು ಎನ್ನುತ್ತಾರೆ ಹಿರಿಯರು. ಮೆಲ್ಲಗೆ ಕಾಲು ಸೋಕಿಸಿದರೆ ನಷ್ಟವೇನಿಲ್ಲ. ‘ಹದಿನೈದು ದಿನ ಏಳಲೇಬೇಡ’ ಎನ್ನುವ ಸಲಹೆಯೇ ಕೆಟ್ಟದ್ದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರನ್ನು ಮೂರು ಗುಂಪು ಮಾಡಿ ನೋಡಿದರು: ಎರಡು ದಿನ ಹಾಸಿಗೆ, ಬೆನ್ನಿನ ವ್ಯಾಯಾಮ, ತಡೆಯುವಷ್ಟು ದಿನಗೆಲಸ. ಬೇಗ ಚೇತರಿಸಿಕೊಂಡವರು ಮೂರನೆಯವರು.

ಹಾಗಾದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದೇಕೆ? ಮುಖ್ಯವಾಗಿ ಹೆದರಿಕೆ ಕಳೆಯಲು. ಯಾವ ಚಲನೆ ಒಗ್ಗುತ್ತದೆಂದು ಕಂಡುಕೊಳ್ಳಲು. ಮೊದಲು ಬಿಸಿ ಶಾಖ. ಆಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಎರಡೂ ಮಂಡಿಯನ್ನು ಮೆಲ್ಲಗೆ ಅತ್ತಿತ್ತ ವಾಲಿಸುವುದು. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು ಇನ್ನೊಂದು. ಇದರ ಹಿಂದೆ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯ ಕಥೆಯಿದೆ. 1956ರಲ್ಲಿ ಅವರ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿದ. ಕಾಲಿನ ನೋವು ಇಳಿದುಹೋಯಿತು. ಕಾಲಿಗಿಳಿದ ನೋವು ಸೊಂಟದತ್ತ ಹಿಂದೆ ಸರಿದರೆ ಒಳ್ಳೆಯ ಲಕ್ಷಣ. ಕಾಲಿನತ್ತ ಇನ್ನೂ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಕರೆಂಟ್ ಇಡುವುದು, ಸೊಂಟಕ್ಕೆ ತೂಕ ಕಟ್ಟಿ ಎಳೆಯುವುದು ಇವಕ್ಕೆ ದಿನದಿನವೂ ದುಡ್ಡು ಸುರಿಯುವಷ್ಟು ಪುರಾವೆಯಿಲ್ಲ. ಹೊಸದಾಗಿ ಹಿಡಿದ ಸೊಂಟಕ್ಕೆ ಎಂಆರ್‌ಐ ಕೂಡ ಸಾಮಾನ್ಯವಾಗಿ ಬೇಡ. ನೋವೇ ಇಲ್ಲದ ಬಹಳಷ್ಟು ಜನರ ಡಿಸ್ಕ್ ಕೂಡ ಸವೆದಿರುತ್ತದೆ. ಬಹುಪಾಲು ನೋವು ಕೆಲವೇ ವಾರದಲ್ಲಿ ತಗ್ಗುತ್ತದೆ.

ಆದರೆ ಮೂತ್ರ ಕಟ್ಟಿದರೆ, ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ. ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಉಳಿದವರು ಹುಳುಮನೆ ಬಿಡಬೇಕಿಲ್ಲ. ಒಂದು ಹೊರೆಯನ್ನು ಎರಡು ಮಾಡಿ, ಎತ್ತುವ ಕೆಲಸ ಕೆಲ ದಿನ ಮನೆಯ ಬೇರೆಯವರಿಗೆ ಬಿಟ್ಟು, ಹುಳು ಆರಿಸುವಾಗ ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸಾಕು.