ಮಳೆಗಾಲದಲ್ಲೇ ಹಾಕಬೇಕಾದ ಲೆಕ್ಕ
(ಸೆಪ್ಟೆಂಬರ್ 2024)

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಹೊರಗೆ ಜಡಿಮಳೆ. ಅಂಗಡಿ ಕಟ್ಟೆ ಮೇಲೆ ನಾಲ್ಕು ಜನ. 'ಈ ಸರ್ತಿ ಪೆರ್ಡೂರು ಮೇಳಕ್ಕೆ ಭಾಗವತರು ಯಾರಂತೆ? ಸಾಲಿಗ್ರಾಮಕ್ಕೆ ಹೊಸಬರು ಯಾರು ಬಂದ್ರಂತೆ ಮಾರಾಯ?' ಮೇಳ ತಿರುಗಾಟಕ್ಕೆ ಹೊರಡೋದಕ್ಕೆ ಇನ್ನೂ ತಿಂಗಳುಗಳಿವೆ, ಆದರೆ ಲೆಕ್ಕ ಈಗಲೇ ಶುರು. ಯಾರು ಬಿಟ್ಟರು, ಯಾರು ಸೇರಿದರು, ಹಿಮ್ಮೇಳ ಉಳೀತಾ, ಬರೀ ಹೆಸರಿನ ವೇಷಧಾರಿಗಳನ್ನ ಕರ್ಕೊಂಡು ಬಂದ್ರಾ?

ಇವತ್ತು ನಾನು ಮಾತಾಡೋಕೆ ಹೊರಟಿರೋದು ಯಕ್ಷಗಾನದ ಬಗ್ಗೆ ಅಲ್ಲ, ಫುಟ್ಬಾಲ್ ಬಗ್ಗೆ. ಇದೇ ಸೆಪ್ಟೆಂಬರ್ 13ಕ್ಕೆ ಇಂಡಿಯನ್ ಸೂಪರ್ ಲೀಗ್ ಶುರುವಾಗುತ್ತೆ. ಮಲೆನಾಡಿನವರಿಗೆ ಫುಟ್ಬಾಲ್ ಅರ್ಥ ಮಾಡಿಸೋಕೆ ಕಷ್ಟ ಪಡಬೇಕಾಗಿಲ್ಲ. ಮೇಳ ಗೊತ್ತಿದ್ದವರಿಗೆ ಈ ಲೀಗೂ ಗೊತ್ತಾಗುತ್ತೆ.

ಮೊದಲು ಸರಳವಾಗಿ ಹೇಳಿಬಿಡ್ತೀನಿ. ಒಟ್ಟು 13 ತಂಡಗಳು. ಪ್ರತಿ ತಂಡವೂ ಉಳಿದ 12 ತಂಡಗಳ ಜೊತೆ ಎರಡೆರಡು ಸಲ ಆಡಬೇಕು, ಒಂದು ತನ್ನ ಊರಲ್ಲಿ, ಇನ್ನೊಂದು ಅವರ ಊರಲ್ಲಿ. ಅಂದರೆ 24 ಪಂದ್ಯ. ಗೆದ್ದರೆ 3 ಅಂಕ, ಸಮ ಆದರೆ 1. ಲೀಗ್ ಮುಗಿದಾಗ ಮೇಲಿದ್ದವರಿಗೆ ಶೀಲ್ಡ್. ಮೊದಲ ಆರು ತಂಡಗಳು ಮುಂದಿನ ಸುತ್ತಿಗೆ ಹೋಗಿ ಕಪ್‌ಗಾಗಿ ಹೊಡೆದಾಡುತ್ತವೆ.

ಈ 13ರಲ್ಲಿ ಕರ್ನಾಟಕದ್ದು ಎಷ್ಟು? ಒಂದೇ ಒಂದು. ಬೆಂಗಳೂರು ಎಫ್‌ಸಿ. ಕೋಲ್ಕತ್ತಾ ಅನ್ನೋ ಒಂದೇ ಊರಿನಿಂದ ಮೂರು ತಂಡ ಇವೆ ನೋಡಿ: ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಈ ವರ್ಷ ಐ-ಲೀಗ್ ಗೆದ್ದು ಮೇಲೆ ಬಂದಿರೋ ಮೊಹಮ್ಮಡನ್ ಸ್ಪೋರ್ಟಿಂಗ್. ನಮಗೆ ಇರೋದು ಒಂದು. ಆ ಒಂದು ತಂಡ ಹೋದ ವರ್ಷ 12ರಲ್ಲಿ 10ನೇ ಸ್ಥಾನಕ್ಕೆ ಬಿತ್ತು.

ಇದು ಸಣ್ಣ ವಿಷಯ ಅಲ್ಲ. 2013ರಲ್ಲಿ ಹುಟ್ಟಿದ ಕ್ಲಬ್ ಇದು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತ್ತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಫೈನಲ್, ಹೆಚ್ಚುವರಿ ಸಮಯದ 117ನೇ ನಿಮಿಷ, ರಾಹುಲ್ ಭೆಕೆ ತಲೆ ಕೊಟ್ಟು ಹೊಡೆದ ಗೋಲು, ಕಪ್ ನಮ್ಮದು. 2023ರಲ್ಲೂ ಫೈನಲ್ ತನಕ ಹೋಗಿ ಪೆನಾಲ್ಟಿಯಲ್ಲಿ ಸೋತಿದ್ವಿ. ಅಂಥ ತಂಡ ಮರುವರ್ಷವೇ 10ನೇ ಸ್ಥಾನಕ್ಕೆ ಬಂದರೆ ಅಭಿಮಾನಿಗೆ ಹೇಗಾಗಬೇಡ?

ಹಾಗಾದರೆ ಈ ಸಲ ಎದುರಾಳಿಗಳು ಹೇಗಿದ್ದಾರೆ? ಅದನ್ನ ನೋಡೋಕೆ ಮುಂಚೆ ಒಂದು ನಿಯಮ ತಿಳ್ಕೊಳ್ಳಿ, ಯಾಕಂದ್ರೆ ಇಡೀ ಲೀಗಿನ ಗುಟ್ಟು ಅದರಲ್ಲಿದೆ. ಮೈದಾನದಲ್ಲಿ ಒಂದು ತಂಡದ 11 ಜನ ಇರ್ತಾರಲ್ಲ, ಅದರಲ್ಲಿ ಒಂದು ಹೊತ್ತಿಗೆ ವಿದೇಶಿಯರು ನಾಲ್ಕೇ ಜನ ಇರಬಹುದು. ಉಳಿದ ಏಳು ಮಂದಿ ಭಾರತೀಯರೇ ಆಗಬೇಕು. ಪೇಪರ್‌ನಲ್ಲಿ ದೊಡ್ಡದಾಗಿ ಬರೋದು ಆ ನಾಲ್ವರ ಹೆಸರು. ಅವರು ಮೇಳಕ್ಕೆ ಬರೋ ಅತಿಥಿ ಕಲಾವಿದರ ಹಾಗೆ. ಜನ ಸೇರ್ತಾರೆ, ಚಪ್ಪಾಳೆ ಬೀಳುತ್ತೆ. ಆದರೆ ಬೆಳಗಿನ ತನಕ ಆಟ ನಿಲ್ಲಿಸೋದು ಮೇಳದ ಕಾಯಂ ಕಲಾವಿದರು. ಚಂಡೆ ಮದ್ದಳೆ ಸರಿ ಇಲ್ಲದಿದ್ದರೆ ಅತಿಥಿ ತಾನೆ ಏನು ಕುಣಿದಾನು?

ಈ ಏಳರ ಲೆಕ್ಕ ಇಟ್ಕೊಂಡು ಈಗ ಒಂದೊಂದೇ ತಂಡ ನೋಡೋಣ.

ಮೊದಲು ಮೋಹನ್ ಬಗಾನ್. ಹೋದ ವರ್ಷದ ಶೀಲ್ಡ್ ಅವರದ್ದು. ಈಗ ಆಸ್ಟ್ರೇಲಿಯಾದ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದ ಜೇಮೀ ಮೆಕ್ಲಾರೆನ್‌ನ ಕರ್ಕೊಂಡು ಬಂದಿದ್ದಾರೆ. ಎಲ್ಲರೂ ಅವನ ಬಗ್ಗೆಯೇ ಮಾತಾಡ್ತಿದ್ದಾರೆ. ನನಗೆ ಭಯ ಇರೋದು ಅವನ ಬಗ್ಗೆ ಅಲ್ಲ. ಗೋಲ್ ಕೀಪರ್ ವಿಶಾಲ್ ಕೈತ್, ಸುಭಾಶಿಷ್ ಬೋಸ್, ಅನಿರುದ್ಧ್ ಥಾಪಾ, ಮನ್‌ವೀರ್ ಸಿಂಗ್, ಲಿಸ್ಟನ್ ಕೊಲಾಸೊ, ಇವರೆಲ್ಲ ಅಲ್ಲೇ ಇದ್ದಾರೆ. ಅದರ ಮೇಲೆ ಮುಂಬೈಯಿಂದ ಅಪುಯಾನನ್ನೂ ತಂದಿದ್ದಾರೆ. ಏಳರ ಲೆಕ್ಕದಲ್ಲಿ ಇವರನ್ನ ಮೀರಿಸೋರು ಇಲ್ಲ. ಕೋಚ್ ಮಾತ್ರ ಹೊಸಬರು, ಹೊಸೆ ಮೊಲಿನಾ. ಹೊಸಬರು ಅಂದ್ರೂ 2016ರಲ್ಲಿ ಇದೇ ಕೋಲ್ಕತ್ತಾಗೆ ಕಪ್ ಗೆಲ್ಲಿಸಿಕೊಟ್ಟವರು.

ಮುಂಬೈ ಸಿಟಿ ಹೋದ ಮೇ ತಿಂಗಳಲ್ಲಿ ಇದೇ ಮೋಹನ್ ಬಗಾನ್‌ನ ಅವರ ಊರಲ್ಲೇ 3-1ರಿಂದ ಸೋಲಿಸಿ ಕಪ್ ಎತ್ತಿತ್ತು. ಆದರೆ ಈಗ ನೋಡಿ, ಅಪುಯಾ ಕೋಲ್ಕತ್ತಾಗೆ ಹೋದ. ಭೆಕೆ, ಪೆರೇರಾ ಡಯಾಸ್, ನೊಗೆರಾ ಮೂವರೂ ನಮ್ಮ ಬೆಂಗಳೂರಿಗೆ ಬಂದರು. ಗೆದ್ದ ತಂಡದ ನಾಲ್ಕು ಕಂಬ ಕಿತ್ತ ಹಾಗಾಯ್ತು. ಮುಂಬೈ ಬಿದ್ದೇ ಹೋಗುತ್ತೆ ಅಂತ ಹೇಳಲ್ಲ. ಆದರೆ ಮೊದಲ ಒಂದೆರಡು ತಿಂಗಳು ತಡವರಿಸುತ್ತೆ.

ಇನ್ನು ಕೇರಳ ಬ್ಲಾಸ್ಟರ್ಸ್. ನಮಗೂ ಅವರಿಗೂ ಹಳೇ ಲೆಕ್ಕ ಇದೆ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ, ನಾಕೌಟ್ ಪಂದ್ಯ. ಸುನಿಲ್ ಛೆಟ್ರಿ ಫ್ರೀ ಕಿಕ್ ಬೇಗ ಹೊಡೆದು ಗೋಲು ಮಾಡಿದರು. ಗೋಡೆ ಕಟ್ಟೋಕೆ ಬಿಡಲಿಲ್ಲ ಅಂತ ಕೇರಳದವರು ಪಂದ್ಯ ಬಿಟ್ಟು ಮೈದಾನದಿಂದಲೇ ಹೊರಟು ಹೋದರು. ಅವರಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಕೋಚ್ ಈಗ ಇಲ್ಲ. ಹೋದ ವರ್ಷ 13 ಗೋಲು ಹೊಡೆದ ದಿಯಮಾಂಟಕೋಸ್ ಕೂಡ ಈಸ್ಟ್ ಬೆಂಗಾಲ್‌ಗೆ ಹೋಗಿದ್ದಾನೆ. ಬದಲಿಗೆ ಗೋವಾದಿಂದ ನೋವಾ ಸದಾವಿ ಬಂದಿದ್ದಾನೆ. ಮೂರು ಸಲ ಫೈನಲ್ ಆಡಿ ಒಂದೂ ಗೆಲ್ಲದ ತಂಡ ಅದು. ಆ ಹಸಿವು ಇದೆಯಲ್ಲ, ಅದನ್ನ ಹಗುರವಾಗಿ ತಗೋಬಾರದು.

ಈಸ್ಟ್ ಬೆಂಗಾಲ್ ಜೊತೆಗೇ ನಮ್ಮ ಮೊದಲ ಪಂದ್ಯ. ಅವರ ಕೋಚ್ ಯಾರು ಗೊತ್ತಾ? ಕಾರ್ಲೆಸ್ ಕ್ವಾದ್ರತ್. 2019ರಲ್ಲಿ ನಮಗೆ ಕಪ್ ಗೆಲ್ಲಿಸಿಕೊಟ್ಟ ಅದೇ ಮನುಷ್ಯ. ಈ ವರ್ಷದ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆಲ್ಲಿಸಿದ್ದಾರೆ. ನಮ್ಮ ಮನೆ ಒಳಗು ಹೊರಗು ತಿಳಿದವರು ಎದುರಾಳಿಯ ಚೌಕಿಯಲ್ಲಿ ಕೂತಿದ್ದಾರೆ.

ಗೋವಾವನ್ನ ಮರೆಯೋ ಹಾಗಿಲ್ಲ. ಕೋಚ್ ಮನೊಲೊ ಮಾರ್ಕೆಜ್ ಈಗ ಭಾರತ ತಂಡಕ್ಕೂ ಕೋಚ್. ಎರಡು ದೋಣಿ ಮೇಲೆ ಕಾಲು ಅಂತಾರಲ್ಲ, ಹಾಗೆ. ಆದರೆ ಇರೋ ಹುಡುಗರಿಂದಲೇ ಕೆಲಸ ತೆಗೆಯೋದರಲ್ಲಿ ಅವರು ಗಟ್ಟಿಗರು. ಒಡಿಶಾದಲ್ಲಿ ಲೊಬೆರಾ, ರಾಯ್ ಕೃಷ್ಣ ಇದ್ದಾರೆ. ಇವೆಲ್ಲದರ ನಡುವೆ ಯಾರೂ ಲೆಕ್ಕಕ್ಕೆ ಇಟ್ಕೊಳ್ಳದ ನಾರ್ತ್‌ಈಸ್ಟ್ ಯುನೈಟೆಡ್ ಆಗಸ್ಟ್ 31ಕ್ಕೆ ಏನು ಮಾಡಿತು ನೋಡಿ. ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ 2-0ರಿಂದ ಹಿಂದೆ ಬಿದ್ದು, ಸಮ ಮಾಡಿ, ಪೆನಾಲ್ಟಿಯಲ್ಲಿ ಗೆದ್ದು ತನ್ನ ಮೊಟ್ಟಮೊದಲ ಕಪ್ ಎತ್ತಿತು. ದೊಡ್ಡ ಮೇಳಗಳ ನಡುವೆ ಬಯಲಾಟದ ಹುಡುಗರು ಬಂದು ರಂಗ ಕಸಿದುಕೊಂಡ ಹಾಗೆ.

ಸರಿ, ನಮ್ಮ ಕಥೆ ಏನು? ಅದೇ ಡ್ಯುರಾಂಡ್ ಕಪ್‌ನಲ್ಲಿ ನಾವು ಕ್ವಾರ್ಟರ್ ಫೈನಲ್‌ನಲ್ಲಿ ಕೇರಳವನ್ನ ಕೊನೇ ಗಳಿಗೆಯಲ್ಲಿ 1-0ರಿಂದ ಸೋಲಿಸಿದ್ವಿ. ಗೋಲು ಹೊಡೆದಿದ್ದು ಪೆರೇರಾ ಡಯಾಸ್. ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಮೇಲೆ 2-0 ಮುಂದಿದ್ವಿ, ಅದನ್ನ ಕೈಚೆಲ್ಲಿ ಪೆನಾಲ್ಟಿಯಲ್ಲಿ ಸೋತ್ವಿ. ಈ ಎರಡು ಪಂದ್ಯ ನೋಡಿದರೆ ಸಾಕು, ನಮ್ಮ ಬಲವೂ ಗೊತ್ತಾಗುತ್ತೆ, ಹುಳುಕೂ ಗೊತ್ತಾಗುತ್ತೆ. ಅತಿಥಿಗಳು ಚೆನ್ನಾಗಿದ್ದಾರೆ. ಮುನ್ನಡೆ ಸಿಕ್ಕಮೇಲೆ ಅದನ್ನ ಕಾಯೋ ಕಸುವು ಇನ್ನೂ ಬಂದಿಲ್ಲ.

ಏಳರ ಲೆಕ್ಕಕ್ಕೆ ಬರೋಣ. ಗೋಲಿನಲ್ಲಿ ಗುರುಪ್ರೀತ್ ಸಿಂಗ್ ಸಂಧು ಇದ್ದಾರೆ. ಭೆಕೆ ವಾಪಸ್ ಬಂದಿದ್ದಾರೆ. ಮಣಿಪುರದ ಸುರೇಶ್, ರೋಷನ್ ಇದ್ದಾರೆ. ಮುಂದೆ ಛೆಟ್ರಿ. ಆಗಸ್ಟ್ 3ಕ್ಕೆ ಅವರಿಗೆ 40 ತುಂಬಿತು. ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಭಾರತದ ಜರ್ಸಿ ಬಿಚ್ಚಿಟ್ಟರು, 94 ಅಂತಾರಾಷ್ಟ್ರೀಯ ಗೋಲುಗಳ ಜೊತೆಗೆ. ನಮ್ಮ ಜರ್ಸಿ ಇನ್ನೂ ಬಿಚ್ಚಿಲ್ಲ. ಕ್ಲಬ್ ಹುಟ್ಟಿದ ವರ್ಷದಿಂದ ನಮ್ಮವರು ಆಗಿರೋ ಈ ಮನುಷ್ಯನನ್ನ ಇನ್ನೆಷ್ಟು ದಿನ ನೋಡ್ತೀವಿ? ಆಮೇಲೆ ಆ ಜಾಗಕ್ಕೆ ಯಾರು? ಎದುರಾಳಿಗಳ ಪಟ್ಟಿ ಓದಿ ಮುಗಿಸಿದ ಮೇಲೂ ನನ್ನ ಕಾಡ್ತಿರೋ ಪ್ರಶ್ನೆ ಇದೇ. ಕೋಚ್ ಝರಗೋಜಾ ಈ ವರ್ಷ ಹುಡುಗರನ್ನ ಆಡಿಸದೇ ಹೋದರೆ ಆರನೇ ಸ್ಥಾನ ಸಿಕ್ಕರೂ ಮುಂದಿನ ವರ್ಷ ಮತ್ತೆ ಇದೇ ಗೋಳು.

ಇನ್ನೊಂದು ಮಾತು. ಈ ಲೀಗಿನಲ್ಲಿ ಕೊನೇ ಸ್ಥಾನಕ್ಕೆ ಬಿದ್ದರೂ ಕೆಳಗಿನ ಡಿವಿಷನ್‌ಗೆ ಇಳಿಸಲ್ಲ. ಹೋದ ವರ್ಷ ಹೈದರಾಬಾದ್ 22 ಪಂದ್ಯದಲ್ಲಿ ಗೆದ್ದಿದ್ದು ಒಂದೇ. ಈ ವರ್ಷವೂ ಇದೇ ಲೀಗಿನಲ್ಲಿದೆ. ಹಾಗಾಗಿ ಸೋತರೆ ಕಳಕೊಳ್ಳೋದೇನು ಅಂತ ಕೇಳಬಹುದು. ಕಳಕೊಳ್ಳೋದು ಜನರನ್ನ. ಆಟ ಚೆನ್ನಾಗಿಲ್ಲದ ಮೇಳವನ್ನ ಯಾರೂ ಊರಿಂದ ಓಡಿಸಲ್ಲ. ಮುಂದಿನ ವರ್ಷ ಟಿಕೆಟ್ ತಗೊಳ್ಳಲ್ಲ, ಅಷ್ಟೇ. ಕಂಠೀರವದಲ್ಲಿ ಕುರ್ಚಿ ಖಾಲಿ ಆಗ್ತಾ ಹೋದರೆ ಕರ್ನಾಟಕಕ್ಕೆ ಇರೋ ಒಂದೇ ಒಂದು ತಂಡ ಹೆಸರಿಗಷ್ಟೇ ಉಳಿಯುತ್ತೆ.

ಮೊದಲ ಆರರಲ್ಲಿ ಬರ್ತೀವಾ? ಬರ್ತೀವಿ ಅನ್ನೋದು ನನ್ನ ಲೆಕ್ಕ. ಶೀಲ್ಡ್ ಮಾತ್ರ ಮೋಹನ್ ಬಗಾನ್‌ನಿಂದ ಕಿತ್ಕೊಳ್ಳೋದು ಸುಲಭ ಇಲ್ಲ. ಅವರೂ ಇದೇ 28ಕ್ಕೆ ಕಂಠೀರವಕ್ಕೆ ಬರ್ತಾರೆ, ಡ್ಯುರಾಂಡ್ ಕಪ್‌ನ ಬಾಕಿ ಅವತ್ತು ಕೇಳೋಣ.

ಸಾಗರದವರಿಗೆ ತಾಳಗುಪ್ಪದಿಂದ ಬರೋ ರಾತ್ರಿ ರೈಲಿದೆ. ಹೊಸನಗರ, ತೀರ್ಥಹಳ್ಳಿಯವರಿಗೆ ಬಸ್ಸೇ ಗತಿ. ಬರೋಕಾಗಲಿಲ್ಲವಾ, ಮನೆಯಲ್ಲೇ ಕೂತ್ಕೊಳ್ಳಿ. ಸೆಪ್ಟೆಂಬರ್ 14, ಶನಿವಾರ, ರಾತ್ರಿ ಏಳೂವರೆ. ಅಷ್ಟು ಹೊತ್ತು ಕರೆಂಟ್ ಇರಲಿ ಅಂತ ಗಣಪತಿಗೆ ಈಗಲೇ ಒಂದು ಹರಕೆ ಹೇಳ್ಕೊಂಡಿರಿ.